ಸುಲೈಬಿಯಾದಲ್ಲಿ ಓದಿದ ಕಾಗದ

ಅಹ್ಮದಿ

ಕುವೈತಿನಿಂದ ಬಂದು ನಾಲ್ಕು ತಿಂಗಳಾಯಿತು. ಓಣಿಯವರು ಈಗಲೂ ಕೇಳುತ್ತಾರೆ, "ಟೀಚರ್, ಏನೇನು ನೋಡಿದ್ರಿ?" ಎತ್ತರದ ಕಟ್ಟಡ ನೋಡಿದೆ, ಸಮುದ್ರ ನೋಡಿದೆ, ಖರ್ಜೂರ ತಂದೀನಿ ತಗೋರಿ ಎಂದು ಮಾತು ಮುಗಿಸುತ್ತೇನೆ. ಹೇಳದೆ ಉಳಿದದ್ದು ಒಂದಿದೆ. ಅದನ್ನು ಬಾಯಲ್ಲಿ ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಜನರ ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ನಾನು ಗದಗಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ತಂಗಿ ಶೈಲಾಳ ಗಂಡ ಅರವಿಂದ ಅಹ್ಮದಿಯಲ್ಲಿ ಎಣ್ಣೆ ಕಂಪನಿಯ ಎಂಜಿನಿಯರ್. ಹದಿನೈದು ವರ್ಷದಿಂದ "ಬಾ ಅಕ್ಕಾ" ಎಂದು ಕರೆಯುತ್ತಲೇ ಇದ್ದಳು. ಈ ಜನವರಿಯಲ್ಲಿ ಹೊರಟೆ. ವಿಮಾನದಲ್ಲಿ ಶೇಂಗಾ ಚಟ್ನಿಯ ಡಬ್ಬಿಯ ಮುಚ್ಚಳ ಬಿಚ್ಚಿಕೊಂಡು ಪಾಸ್‌ಪೋರ್ಟಿನ ಹಾಳೆಗಳ ನಡುವೆಯೆಲ್ಲ ಪುಡಿ ಹೊಕ್ಕಿತ್ತು. ಕೌಂಟರಿನಲ್ಲಿದ್ದ ತರುಣ ಅಧಿಕಾರಿ ಅದನ್ನು ತೆರೆದವನೇ ಮೂರು ಸಲ ಸೀನಿದ. ಆತ ಹಾಳೆಗಳನ್ನು ಜಾಡಿಸಿ, ಮೂಗು ಒರೆಸಿಕೊಂಡು, ಠಪ್ಪೆಂದು ಮುದ್ರೆ ಒತ್ತಿ "ಯಲ್ಲಾ", ಹೊರಡಿ, ಎಂದ. ಎರಡು ನಿಮಿಷವೂ ಹಿಡಿಯಲಿಲ್ಲ. ಹೊರಗೆ ಬಂದು ಶೈಲಾಳಿಗೆ ಇದನ್ನು ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಎರಡು ನಿಮಿಷ ಎಂಥ ದೊಡ್ಡ ವಸ್ತು ಎಂದು ಆಗ ನನಗೆ ಗೊತ್ತಿರಲಿಲ್ಲ.

ಅಹ್ಮದಿ ಮರುಭೂಮಿಯ ಊರಿನ ಹಾಗಿಲ್ಲ. ಸಾಲುಮನೆ, ಮುಂದೆ ಹುಲ್ಲು, ಬೇಲಿಗೆ ಕತ್ತರಿಸಿದ ಗಿಡ. ನಮ್ಮ ಹುಬ್ಬಳ್ಳಿಯ ಹಳೆಯ ರೈಲ್ವೆ ಕಾಲೊನಿಯನ್ನು ತೊಳೆದು ಇಟ್ಟಂತಿದೆ. ತಂಗಿಯ ಮಗಳು ಅನ್ವಿತಾಳಿಗೆ ನಾನು ಹೇಳಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳ ಉಚ್ಚಾರವನ್ನು ಹತ್ತು ವರ್ಷದ ಹುಡುಗಿ ದಿನಕ್ಕೆ ನಾಲ್ಕು ಸಲ ತಿದ್ದಿದಳು.

ಮೊದಲ ಸಂಜೆ ಸಮುದ್ರದ ದಂಡೆಗೆ ಹೋದೆವು. ಬೂದುಬಣ್ಣದ ಕಾವಲು ದೋಣಿಯೊಂದು ದಡಕ್ಕೆ ಸಮನಾಗಿ ಓಡುತ್ತಿತ್ತು. ಯಾರನ್ನು ಕಾಯುತ್ತಾರೆ ಎಂದು ಕೇಳಿದೆ.

"ಕಳ್ಳಸಾಗಣೆ ಮಾಡೋರು, ಕಾಗದ ಇಲ್ದ ನುಗ್ಗೋರು," ಎಂದ ಅರವಿಂದ. "ಎಲ್ಲಾ ದೇಶದಾಗೂ ಇದs ಅಕ್ಕಾರ. ದೋಣಿಯೊಳಗ ಬಂದವ್ರನ್ನೆಲ್ಲಾ ಒಳಗ ಬಿಟ್ಟರ ದೇಶ ಉಳೀತದೇನ್ರಿ?"

ಉಳಿಯುವುದಿಲ್ಲ ಎಂದು ನಾನೂ ತಲೆಯಾಡಿಸಿದೆ. ಶಾಲೆಯಲ್ಲಿದ್ದಾಗ ಇದೇ ವಿಷಯದ ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡಿದ್ದೆ. ಗಡಿಯೆಂದರೆ ಮನೆಯ ಬಾಗಿಲು, ಕೇಳದೆ ಒಳಬಂದವನು ಅತಿಥಿಯಲ್ಲ ಎಂದು ಬರೆದುಕೊಟ್ಟಿದ್ದೆ. ನಮ್ಮ ಶಾಲೆಗೇ ಮೊದಲ ಬಹುಮಾನ ಬಂದಿತ್ತು.

ಶುಕ್ರವಾರದ ಸಂತೆ

ಕುವೈತಿನ ಶುಕ್ರವಾರದ ಸಂತೆಯಲ್ಲಿ ಇಲ್ಲದ ಸಾಮಾನಿಲ್ಲ. ಉದ್ದುದ್ದ ಛಾವಣಿಗಳ ಕೆಳಗೆ ಹಳೆಯ ಸೋಫಾ, ಹೊಸ ಕಂಬಳಿ, ಒಂಟಿ ಚಪ್ಪಲಿ, ಯಾರದೋ ಮದುವೆಯ ಫೋಟೋದ ಕಟ್ಟು. ನಾನು ಪಿಂಗಾಣಿ ಬಟ್ಟಲುಗಳನ್ನು ನೋಡುತ್ತ ನಿಂತೆ; ತಲೆಯೆತ್ತಿದಾಗ ಶೈಲಾ ಇರಲಿಲ್ಲ. ನನ್ನ ಫೋನು ಮನೆಯ ವೈಫೈ ಬಿಟ್ಟರೆ ಕೆಲಸ ಮಾಡುವುದಿಲ್ಲ. ಶೈಲಾಳ ನಂಬರು ಬಾಯಿಪಾಠ ಇಲ್ಲ. ಅರ್ಧ ಗಂಟೆ ಅದೇ ಮೂರು ಸಾಲುಗಳಲ್ಲಿ ತಿರುಗಿ ತಿರುಗಿ, ಕೊನೆಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಬೆಹನ್, ಬೈಠೋ," ಎಂಬ ದನಿ ಕೆಳಗಿನಿಂದ ಬಂತು.

ನೆಲದ ಮೇಲೆ ಚಾಪೆ ಹಾಸಿ ಲೋಬಾನ, ಸುರ್ಮಾ, ಮೆಹಂದಿ ಪುಡಿ, ಉಣ್ಣೆಯ ಪಟ್ಟಿಗಳನ್ನು ಹರಡಿಕೊಂಡು ಕುಳಿತಿದ್ದ ಹೆಂಗಸು. ಮೈತುಂಬ ಕಪ್ಪು ಬಟ್ಟೆ, ಕಾಣುತ್ತಿದ್ದದ್ದು ಕಣ್ಣು ಮತ್ತು ಕೈ ಮಾತ್ರ. ಕೈ ನೋಡಿದರೆ ನನ್ನ ವಯಸ್ಸಿನವಳೇ. ಫ್ಲಾಸ್ಕಿನಿಂದ ಒಂದು ಸಣ್ಣ ಗಾಜಿನ ಲೋಟಕ್ಕೆ ಚಹಾ ಬಗ್ಗಿಸಿಕೊಟ್ಟಳು. ಆಮೇಲೆ ನನ್ನ ಕೈಯಿಂದ ಫೋನನ್ನು ಕಿತ್ತುಕೊಂಡು ತನ್ನ ಫೋನಿನ ಇಂಟರ್ನೆಟ್ ಅದಕ್ಕೆ ಬರುವಂತೆ ಮಾಡಿದಳು. ವಾಟ್ಸಾಪಿನಲ್ಲಿ ಶೈಲಾಳ ಹದಿನಾಲ್ಕು ಮೆಸೇಜುಗಳು ಒಟ್ಟಿಗೆ ಬಂದು ಬಿದ್ದವು. ಈ ವಿದ್ಯೆ ನನಗೆ ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡೆ. ಆಕೆಯ ಕಣ್ಣು ನಕ್ಕಿತು.

ಶೈಲಾ ಬರುವವರೆಗೆ ಮಾತಾಡಿದೆವು. ಆಕೆಯ ಹಿಂದಿ ಗಿರಾಕಿಗಳಿಂದ ಕಲಿತದ್ದು, ನನ್ನದು ಹುಬ್ಬಳ್ಳಿ ಪೇಟೆಯದು. ಎರಡೂ ಚೆನ್ನಾಗಿ ಹೊಂದಿಕೊಂಡವು. ಹೆಸರು ಕೇಳಿದೆ. "ಉಮ್ ನಾಯೆಫ್" ಎಂದಳು. ನಾಯೆಫ್‌ನ ತಾಯಿ ಎಂದರ್ಥ. ಅಲ್ಲಿ ಚೊಚ್ಚಲ ಮಗನ ಹೆಸರಿನಿಂದಲೇ ತಾಯಿಯನ್ನು ಕರೆಯುತ್ತಾರೆ.

"ನಾಯೆಫ್ ಎಲ್ಲಿದ್ದಾನೆ?"

"ಆಸ್ಟ್ರೇಲಿಯಾದಲ್ಲಿ."

ನಮ್ಮ ಕಡೆಯವರ ಅಭ್ಯಾಸ ಬಿಟ್ಟೀತೆ? "ಅರೆ ವಾ! ಯಾವ ಕಂಪನಿ?" ಎಂದುಬಿಟ್ಟೆ.

"ಕಂಪನಿ ಇಲ್ಲ ಬೆಹನ್. ಕಿಶ್ತಿಯಲ್ಲಿ ಹೋದ." ಗೊತ್ತಾಗಲಿಲ್ಲವೇನೋ ಎಂದು ಅಂಗೈಯನ್ನು ಅಲೆಯ ಹಾಗೆ ತೂಗಾಡಿಸಿ ತೋರಿಸಿದಳು. ದೋಣಿ.

ಆಕೆಯ ಕುಟುಂಬ ಬಿದೂನ್. ಹಾಗೆಂದರೆ 'ಇಲ್ಲದವರು'. ಆ ನೆಲದಲ್ಲೇ ಹುಟ್ಟಿ ಬೆಳೆದರೂ ಯಾವ ದೇಶದ ಪೌರತ್ವವೂ ಇಲ್ಲದ ಜನ. ಅಜ್ಜಂದಿರ ಕಾಲದಲ್ಲಿ ಹೆಸರು ಬರೆಸಬೇಕಾದಾಗ ಕುರಿ ಮೇಯಿಸುತ್ತ ಮರಳಿನಲ್ಲಿದ್ದರಂತೆ. ಹೆಸರು ಬರೆಸಿದವರು ಕುವೈತಿಗಳಾದರು, ಬರೆಸದವರು ಇವರಾದರು. ನಾಯೆಫ್‌ಗೆ ಓದಿದ್ದಕ್ಕೆ ತಕ್ಕ ನೌಕರಿ ಸಿಗಲಿಲ್ಲ, ಕಾಗದವಿಲ್ಲದವನಿಗೆ ಹೆಣ್ಣೂ ಸಿಗಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಯಾರದೋ ಪಾಸ್‌ಪೋರ್ಟ್ ಹಿಡಿದು ಇಂಡೋನೇಷ್ಯಾಕ್ಕೆ ಹಾರಿದ. ಅಲ್ಲಿಂದ ಮೀನುಗಾರರ ದೋಣಿ. ಐದನೆಯ ದಿನ ಸಮುದ್ರದ ನಡುವೆ ನೌಕಾಪಡೆಯ ಹಡಗು ತಡೆಯಿತು. ದೋಣಿಯಲ್ಲಿ ಬಂದವರು ನಿರಾಶ್ರಿತರೇ ಆಗಿದ್ದರೂ ಅವರಿಗೆ ಆ ದೇಶದಲ್ಲಿ ಎಂದೂ ನೆಲೆಯಿಲ್ಲ ಎಂಬುದು ಅಷ್ಟರಲ್ಲಾಗಲೇ ಅಲ್ಲಿನ ಸರ್ಕಾರದ ನೀತಿಯಾಗಿತ್ತು. ಅವನನ್ನು ದೂರದ ಒಂದು ದ್ವೀಪದಲ್ಲಿಟ್ಟರು. ಆರು ವರ್ಷ. ಮೂತ್ರಪಿಂಡ ಕೆಟ್ಟಾಗ ಚಿಕಿತ್ಸೆಗೆಂದು ಆಸ್ಟ್ರೇಲಿಯಾದ ಒಂದು ಊರಿಗೆ ತಂದರು. ಈಗ ಅಲ್ಲೇ ಒಂದು ಕೋಣೆಯಲ್ಲಿ, ಆಗಾಗ ಮುಗಿದುಹೋಗುವ ತಾತ್ಕಾಲಿಕ ಕಾಗದದ ಮೇಲೆ ಇದ್ದಾನೆ. ಮನೆ ಬಿಟ್ಟು ಹನ್ನೆರಡು ವರ್ಷ.

"ನೀನು ಇಂಗ್ಲಿಷ್ ಟೀಚರ್ ಅಂದೆಯಲ್ಲ," ಎಂದು ಆಕೆ ದನಿ ತಗ್ಗಿಸಿದಳು. "ನನ್ನ ಹತ್ತಿರ ಆ ಸರ್ಕಾರದ ಒಂದು ಕಾಗದ ಇದೆ. ನನ್ನ ಮಗಳು ಮರಿಯಮ್ ಓದುತ್ತಾಳೆ. ಪ್ರತಿ ಸಲ ಒಂದೇ ಮಾತು, ಕೇಸು ನಡೀತಾ ಇದೆ. ಒಂದು ಪುಟ ತುಂಬ ಬರೆದಿದ್ದಾರೆ ಬೆಹನ್, ಒಂದೇ ಮಾತು ಹೇಗಾಗುತ್ತದೆ?"

"ಇಲ್ಲಿ ಇಂಗ್ಲಿಷ್ ಬಲ್ಲವರು ಎಷ್ಟು ಜನ ಇಲ್ಲ?"

"ಇದ್ದಾರೆ. ಎಲ್ಲರಿಗೂ ನನ್ನ ಮೇಲೆ ಕನಿಕರ. ನೀನು ಹದಿನೈದು ದಿನಕ್ಕೆ ಹೋಗುವವಳು. ನೀನು ನನ್ನ ಮುಖ ಮತ್ತೆ ನೋಡುವುದಿಲ್ಲ. ನೀನು ಇದ್ದದ್ದು ಇದ್ದ ಹಾಗೆ ಓದುತ್ತೀಯ."

ಅಷ್ಟರಲ್ಲಿ ಶೈಲಾ ಓಡುತ್ತ ಬಂದಳು. "ಎಲ್ಲಿ ಹೋಗಿದ್ದಿ ಅಕ್ಕಾ! ಜೀವ ಬಾಯಿಗೆ ಬಂದಿತ್ತು ನನಗ!" ಎಂದು ಎಲ್ಲರೆದುರು ನನ್ನನ್ನು ಬೈದು, ಉಮ್ ನಾಯೆಫ್‌ಳ ಕೈ ಹಿಡಿದು ಶುಕ್ರಾನ್ ಶುಕ್ರಾನ್ ಎಂದಳು. ಮಂಗಳವಾರ ಮನೆಗೆ ಬರುತ್ತೇವೆಂದು ನಾನು ಒಪ್ಪಿಕೊಂಡೆ.

ಮನೆಯಲ್ಲಿ ಅರವಿಂದನಿಗೆ ಇದು ಸೇರಲಿಲ್ಲ. "ಅಕ್ಕಾರ, ನಾವಿಲ್ಲಿ ಇಕಾಮಾ ಮ್ಯಾಲೆ ಇರೋರು. ನಾಳೆ ಆ ಪರವಾನಗಿ ಇಲ್ಲಂದ್ರ ಗಂಟುಮೂಟಿ ಕಟ್ಟಬೇಕಾಗ್ತದ. ಬಿದೂನ್ ಮಂದಿ ವಿಷಯಕ್ಕ ಕೈ ಹಾಕಬ್ಯಾಡ್ರಿ."

"ಬರೇ ಓದಿ ಹೇಳೋದಪ್ಪಾ," ಎಂದೆ. "ಓದೋದರಾಗ ಏನದ?"

ಸುಲೈಬಿಯಾ

ಸುಲೈಬಿಯಾ ತಲುಪುವಾಗ ಹೆದ್ದಾರಿಯ ಹೊಳಪು ಒಮ್ಮೆಲೇ ಮುಗಿಯುತ್ತದೆ. ಒಂದಕ್ಕೊಂದು ಅಂಟಿಕೊಂಡ ಗಿಡ್ಡ ಮನೆಗಳು, ಮೇಲೆ ತಗಡು, ತಗಡಿನ ಮೇಲೆ ಹಾರದಿರಲೆಂದು ಹಳೆಯ ಟೈರುಗಳು. ಇಷ್ಟು ಶ್ರೀಮಂತ ದೇಶದಲ್ಲಿ ಇಂಥದೊಂದು ಕೇರಿ ಇದೆಯೆಂದು ಶೈಲಾಳಿಗೆ ಹದಿನೈದು ವರ್ಷದಲ್ಲಿ ಗೊತ್ತಿರಲಿಲ್ಲ.

ಒಳಗೆ ಮಾತ್ರ ಧೂಳಿನ ಕಣವಿಲ್ಲ. ಗೋಡೆಗೊರಗಿಸಿದ ಕೆಂಪು ದಿಂಬುಗಳು, ನಡುವೆ ಉದ್ದ ಕೊಕ್ಕಿನ ಕಾಫಿ ಪಾತ್ರೆ. ಅವರ ಕಾಫಿಯಲ್ಲಿ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಏಲಕ್ಕಿ ಹಾಕಿದ ಕಷಾಯದ ಹಾಗೆ. ಕಪ್ಪು ಖಾಲಿಯಾದ ಕೂಡಲೇ ಮತ್ತೆ ತುಂಬುತ್ತಾಳೆ. ಸಾಕಾದರೆ ಕಪ್ಪನ್ನು ಅಲ್ಲಾಡಿಸಿ ಕೊಡಬೇಕಂತೆ. ನನಗೆ ತಿಳಿಯದೆ ಏಳು ಕಪ್ಪು ಕುಡಿದೆ. ಉಮ್ ನಾಯೆಫ್‌ಳಿಗೆ ನಾನು ಭಾರೀ ಕಾಫಿಪ್ರಿಯಳೆಂದು ಸಂತೋಷ. ಮುಖದ ಬಟ್ಟೆ ತೆಗೆದಾಗ ನೋಡಿದೆ, ಗಲ್ಲದ ಮೇಲೆ ಮೂರು ಹಸಿರು ಹಚ್ಚೆಯ ಚುಕ್ಕೆ. ನಮ್ಮ ಅಜ್ಜಿಗೂ ಇದ್ದವು.

ಮರಿಯಮ್ ಒಳಗಿನಿಂದ ಬಂದಳು. ಮೂವತ್ತರ ಹುಡುಗಿ, ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ನನಗಿಂತ ಚೆನ್ನಾದ ಇಂಗ್ಲಿಷಿನಲ್ಲಿ ಕುಶಲ ಕೇಳಿದಳು. ಅತಿಥಿಗಳು ಬರಿಯ ಕಾಫಿಗೆ ಬಂದಿದ್ದಾರೆಂದು ಅವಳು ತಿಳಿದಿದ್ದಳು. ಉಮ್ ನಾಯೆಫ್ ದಿಂಬಿನ ಚೀಲದೊಳಗೆ ಕೈಹಾಕಿ ನಾಲ್ಕು ಮಡಿಕೆಯ ಕಾಗದ ತೆಗೆದಾಗ ಅವಳ ಮುಖ ಬಿಳಿಚಿತು. ಮಗಳ ಫೋನಿನಲ್ಲಿದ್ದದ್ದನ್ನು ಅವಳಿಲ್ಲದಾಗ ತಾಯಿ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಟ್ಟುಕೊಂಡಿದ್ದಳು.

ಕನ್ನಡಕ ಹಾಕಿಕೊಂಡು ಮೊದಲು ಮನಸ್ಸಿನಲ್ಲೇ ಓದಿದೆ. ನಾಯೆಫ್‌ನ ಅರ್ಜಿಯನ್ನು ಅಂತಿಮವಾಗಿ ತಿರಸ್ಕರಿಸಲಾಗಿದೆ. ಅನುಮತಿಯಿಲ್ಲದೆ ಸಮುದ್ರಮಾರ್ಗವಾಗಿ ಬಂದವನಾದ್ದರಿಂದ ಆತನಿಗೆ ಈ ದೇಶದಲ್ಲಿ ನೆಲೆಸುವ ಅವಕಾಶ ಎಂದೂ ದೊರೆಯುವುದಿಲ್ಲ. ಸ್ವದೇಶಕ್ಕೆ ಮರಳುವ ಏರ್ಪಾಡು ಮಾಡಿಕೊಳ್ಳತಕ್ಕದ್ದು. ಮೇಲುಗಡೆಯ ಚೌಕಟ್ಟಿನಲ್ಲಿ ಹೆಸರು, ಹುಟ್ಟಿದ ಊರು, ಪೌರತ್ವ. ಪೌರತ್ವದ ಮುಂದೆ 'ಇಲ್ಲ' ಎಂದು ಟೈಪಾಗಿತ್ತು. ಇಲ್ಲ ಎಂದು ಬರೆದ ಅದೇ ಹಾಳೆಯ ಕೆಳಗೆ ಸ್ವದೇಶಕ್ಕೆ ಹೋಗು ಎಂದು ಬರೆದವರು ಮೇಲಿನದನ್ನು ಓದಿರಲಿಲ್ಲವೇ? ಓದಿಯೂ ಬರೆದಿದ್ದರೇ? ಇಂಗ್ಲಿಷ್ ಮಾತ್ರ ತಪ್ಪಿಲ್ಲದ್ದು. ಎಲ್ಲಿ ಅಲ್ಪವಿರಾಮ ಬೇಕೋ ಅಲ್ಲಿ ಅಲ್ಪವಿರಾಮ. ತಾರೀಖು ನೋಡಿದೆ. ನಾಲ್ಕು ವರ್ಷ ಹಿಂದಿನದು.

ತಲೆಯೆತ್ತಿದೆ. ತಾಯಿಯ ಹಿಂದೆ ಬಾಗಿಲಲ್ಲಿ ನಿಂತಿದ್ದ ಮರಿಯಮ್ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದಳು. ಬೇಡ. ತುಟಿಯೂ ಅಲುಗಿತು, ಪ್ಲೀಸ್.

"ಓದು," ಎಂದಳು ಉಮ್ ನಾಯೆಫ್.

ಆ ಕ್ಷಣ ನನಗೆ ಏನನ್ನಿಸಿತು ಎಂದು ಪ್ರಾಮಾಣಿಕವಾಗಿ ಹೇಳಬೇಕು. ಈ ಹುಡುಗಿ ತಾಯಿಯನ್ನು ಮೋಸಗೊಳಿಸುತ್ತಿದ್ದಾಳೆ ಅನ್ನಿಸಿತು. ಅರವತ್ತು ದಾಟಿದ ಹೆಂಗಸಿಗೆ ತನ್ನ ಮಗನ ವಿಷಯ ತಿಳಿಯುವ ಹಕ್ಕಿಲ್ಲವೇ ಅನ್ನಿಸಿತು. ನನ್ನನ್ನು ನಂಬಿ ಕರೆದಿದ್ದಾಳೆ ಅನ್ನಿಸಿತು. ಇವೆಲ್ಲವೂ ಸರಿಯೇ. ಜೊತೆಗೆ, ತರಗತಿಯಲ್ಲಿ ಪಾಠ ಓದುವ ಹಳೆಯ ಹೆಮ್ಮೆಯೂ ಸ್ವಲ್ಪ ಇತ್ತು.

ಓದಿದೆ. ಒಂದೊಂದೇ ವಾಕ್ಯವನ್ನು ಹಿಂದಿಗೆ ತಿರುಗಿಸಿ ಹೇಳಿದೆ. ತಾರೀಖನ್ನೂ ಹೇಳಿದೆ.

ಉಮ್ ನಾಯೆಫ್ ಅಳಲಿಲ್ಲ. "ಖಲಾಸ್," ಎಂದಳು. ಮುಗಿಯಿತು. ಮಗಳ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕಪ್ಪಿಗೆ ಎಂಟನೆಯ ಸಲ ಕಾಫಿ ಹಾಕಿದಳು. ಆಮೇಲೆ ಕೇಳಿದಳು, "ನೀನು ಅವರಿಗೆ ಒಂದು ಕಾಗದ ಬರೆದುಕೊಡುತ್ತೀಯಾ?"

"ಏನಂತ ಬರೆಯಲಿ?"

"ನಿಮಗೆ ಅವನು ಬೇಡವಾದರೆ ನನಗೆ ವಾಪಸ್ಸು ಕೊಡಿ ಅಂತ. ತಾಯಿ ಕೇಳುತ್ತಿದ್ದಾಳೆ ಅಂತ ಬರೆ."

ಮರಿಯಮ್ ಇಂಗ್ಲಿಷಿನಲ್ಲಿ, ತಾಯಿಗೆ ತಿಳಿಯದಂತೆ ಹೇಳಿದಳು: "ಅವನನ್ನು ಇಲ್ಲಿಯೂ ಒಳಗೆ ಬಿಡುವುದಿಲ್ಲ ಆಂಟಿ. ಬೇರೆಯವರ ಪಾಸ್‌ಪೋರ್ಟಿನಲ್ಲಿ ಹೋದವನು. ಇಲ್ಲಿಯವನು ಅಂತ ತೋರಿಸಲು ಅವನ ಹತ್ತಿರ ಏನೂ ಇಲ್ಲ. ಇದನ್ನೂ ಅಮ್ಮನಿಗೆ ಹೇಳುತ್ತೀರಾ?"

ಇದನ್ನು ನಾನು ಹೇಳಲಿಲ್ಲ. ಸತ್ಯದ ಧೈರ್ಯ ಅಷ್ಟಕ್ಕೇ ಮುಗಿದಿತ್ತು. ಬರೆದುಕೊಡುತ್ತೇನೆ ಎಂದೆ.

ಕಾರು ಹೆದ್ದಾರಿಗೆ ಬಂತು. ಶೈಲಾ, "ನೀ ಹೇಳಿದ್ದು ಖರೇ ಅಕ್ಕಾ," ಎಂದಳು. "ಆದ್ರ ಆ ಹುಡುಗಿ ನಿನ್ನ ನೋಡಿದ್ದು ನೋಡಿದ್ಯಾ?"

ಮತ್ತೊಂದು ಶುಕ್ರವಾರ

ಕಾಗದವನ್ನು ಎರಡು ಸಲ ಬರೆದು ಹರಿದೆ. ಮೊದಲನೆಯದು ವಾದವಾಗಿತ್ತು, ಎರಡನೆಯದು ಭಿಕ್ಷೆಯಾಗಿತ್ತು. ಕೊನೆಗೆ ಆಕೆ ಹೇಳಿದ್ದನ್ನೇ ಬರೆದೆ. ಕಳಿಸಲು ಉಮ್ ನಾಯೆಫ್‌ಳಿಗೆ ಈಮೇಲ್ ಇರಲಿಲ್ಲ, ಮಗಳದು ಬೇಡವೆಂದಳು. ನನ್ನದನ್ನೇ ಕೊಟ್ಟೆ. ಹೊರಡುವ ಹಿಂದಿನ ದಿನ, ಶುಕ್ರವಾರ, ಅವಳ ಹೆಬ್ಬೆಟ್ಟಿನ ಗುರುತು ಹಾಕಿಸಿಕೊಳ್ಳಲೆಂದು ಸುಲೈಬಿಯಾಕ್ಕೆ ಹೋದೆವು.

ನಾಯೆಫ್ ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಫೋನು ಮಾಡುತ್ತಾನಂತೆ. ಹನ್ನೆರಡು ವರ್ಷದಲ್ಲಿ, ದ್ವೀಪದಲ್ಲಿ ಫೋನು ಸಿಗದಿದ್ದ ದಿನಗಳನ್ನು ಬಿಟ್ಟರೆ, ತಪ್ಪಿಸಿದವನಲ್ಲ. ಆ ದಿನವೂ ಬಂತು. ಪರದೆಯ ಮೇಲೆ ಕಂಡವನು ಮೂವತ್ತನಾಲ್ಕರ ಹುಡುಗ ಎಂದು ಯಾರೂ ಹೇಳಲಾರರು. ಮುಂದಲೆ ಬೋಳಾಗಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು. ಆದರೆ ತಾಯಿಯನ್ನು ಕಂಡ ಕೂಡಲೇ ದೊಡ್ಡದಾಗಿ ನಕ್ಕು, ಗಡಗಡ ಮಾತಾಡತೊಡಗಿದ. ಏನು ಹೇಳುತ್ತಿದ್ದಾನೆ ಎಂದು ಶೈಲಾ ಕೇಳಿದ್ದಕ್ಕೆ ಮರಿಯಮ್ ಗೋಡೆ ನೋಡುತ್ತ ಉತ್ತರಿಸಿದಳು, "ವಕೀಲರು ಹೊಸಬರು ಬಂದಿದ್ದಾರೆ ಅನ್ನುತ್ತಿದ್ದಾನೆ. ರಂಜಾನ್ ಹೊತ್ತಿಗೆ ತೀರ್ಮಾನ ಆಗಬಹುದು ಅನ್ನುತ್ತಿದ್ದಾನೆ."

ಉಮ್ ನಾಯೆಫ್ ಮಗ ಹೇಳುವುದನ್ನೆಲ್ಲ ಕೇಳಿದಳು. ಆಮೇಲೆ ಆ ನಾಲ್ಕು ಮಡಿಕೆಯ ಕಾಗದವನ್ನು ಬಿಚ್ಚಿ ಫೋನಿನ ಮುಂದೆ ಹಿಡಿದಳು. ಎರಡೇ ಮಾತು ಹೇಳಿದಳು.

ಅವನ ನಗು ಕೂಡಲೇ ಹೋಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು, ಅದನ್ನು ನೋಡುವುದೇ ಕಷ್ಟವಾಯಿತು. ಅವನು ಏನೋ ಕೇಳಿದ. ಆಕೆ ಫೋನನ್ನು ನನ್ನ ಕೈಗಿತ್ತಳು. "ಯಾರು ಓದಿದ್ದು ಅಂತ ಕೇಳುತ್ತಿದ್ದಾನೆ."

ನಾನು ನನ್ನ ಹೆಸರು ಹೇಳಿದೆ. ಭಾರತದಿಂದ ಬಂದಿದ್ದೇನೆ, ಟೀಚರ್ ಆಗಿದ್ದೆ ಎಂದೆ. ಬೇಕಾಗಿಲ್ಲದ ವಿವರಗಳನ್ನೆಲ್ಲ ಹೇಳಿದೆ.

"ಅಮ್ಮನಿಗೆ ಸಹಾಯ ಮಾಡಿದ್ದಕ್ಕೆ ಧನ್ಯವಾದ ಮೇಡಂ," ಎಂದ ಇಂಗ್ಲಿಷಿನಲ್ಲಿ. ವ್ಯಂಗ್ಯವಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ನೀವು ತಪ್ಪು ತಿಳಿಯಬೇಡಿ. ನಾನು ಸುಳ್ಳುಗಾರನಲ್ಲ. ಶುಕ್ರವಾರ ಅಮ್ಮನಿಗೆ ಕೇಸಿನ ಸುದ್ದಿ ಹೇಳುವಾಗ ಆ ಅರ್ಧ ಗಂಟೆ ನಾನೂ ಅದನ್ನು ನಂಬುತ್ತಿದ್ದೆ. ವಾರವಿಡೀ ಏನು ಹೇಳಬೇಕು ಅಂತ ಯೋಚಿಸುತ್ತಿದ್ದೆ. ಈಗ ನಾನು ಅವಳಿಗೆ ಏನು ಹೇಳಲಿ?"

"ನಿಮ್ಮನ್ನು ವಾಪಸ್ಸು ಕಳಿಸಿ ಅಂತ ಅಮ್ಮ ಪತ್ರ ಬರೆಸುತ್ತಿದ್ದಾರೆ," ಎಂದೆ.

"ಎಲ್ಲಿಗೆ?" ಎಂದ.

ಫೋನನ್ನು ತಾಯಿಗೆ ಕೊಟ್ಟೆ. ಅವರು ಮತ್ತೇನೂ ಹೆಚ್ಚು ಮಾತಾಡಲಿಲ್ಲ. ಕಾಲು ನೋಯುತ್ತದೆಯೇ, ಔಷಧ ತಗೊಂಡೆಯಾ ಎಂಬಂಥ ಮಾತಿರಬೇಕು. ಮೊದಲು ಅವನ ಕಡೆಯಿಂದಲೇ ಫೋನು ಇಟ್ಟ ಸದ್ದು ಬಂತು. ಉಮ್ ನಾಯೆಫ್ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು, ನಾನು ತೋರಿಸಿದ ಜಾಗದಲ್ಲಿ ಒತ್ತಿದಳು. ಬಹಳ ಗಟ್ಟಿಯಾಗಿ ಒತ್ತಿದ್ದರಿಂದ ಗೆರೆಗಳೆಲ್ಲ ಕೂಡಿಹೋಗಿ ಬರಿಯ ಕಪ್ಪು ಕಲೆಯಾಯಿತು. ಇನ್ನೊಮ್ಮೆ ಒತ್ತಿಸಿಕೊಂಡೆ. ಶೈಲಾ ಅದರ ಫೋಟೋ ತೆಗೆದಳು. ಅಲ್ಲೇ ಕುಳಿತು ನನ್ನ ಈಮೇಲಿನಿಂದ ಕಳಿಸಿದೆವು.

ಮರುದಿನ ವಿಮಾನ ಮೇಲೇರುವಾಗ ಕಿಟಕಿಯಿಂದ ಕೊಲ್ಲಿಯ ನೀರು ಕಂಡಿತು. ಪಕ್ಕದ ಸೀಟಿನಲ್ಲಿ ಉಡುಪಿಯ ಕಡೆಯ ಹೋಟೆಲಿನ ಮ್ಯಾನೇಜರ್ ಒಬ್ಬರಿದ್ದರು. "ಊರಿಗೆ ಹೋಗುವುದೆಂದರೆ ಒಂದು ಖುಷಿಯೇ ಅಲ್ವಾ?" ಎಂದರು. ಹೌದು ಎಂದೆ.

ಗದಗ

ಊರಿಗೆ ಬಂದ ಮೊದಲ ಶುಕ್ರವಾರ ಶೈಲಾಳಿಂದ ಸುದ್ದಿ ಬಂತು, ನಾಯೆಫ್ ಫೋನು ಮಾಡಲಿಲ್ಲವಂತೆ. ಮೈ ಸರಿಯಿರಲಿಕ್ಕಿಲ್ಲ ಎಂದುಕೊಂಡೆವು. ಎರಡನೆಯ ಶುಕ್ರವಾರವೂ ಇಲ್ಲ. ಮೂರನೆಯ ವಾರ ಮರಿಯಮ್ ತಾನೇ ಮಾಡಿ ನೋಡಿದರೆ ಆ ನಂಬರು ಚಾಲ್ತಿಯಲ್ಲಿಲ್ಲ. ಅವನ ಜೊತೆ ಕೋಣೆಯಲ್ಲಿರುವವನನ್ನು ಹೇಗೋ ಹುಡುಕಿ ವಿಚಾರಿಸಿದಳು. ಬದುಕಿದ್ದಾನೆ, ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ, ಯಾರ ಜೊತೆಗೂ ಮಾತಿಲ್ಲ ಎಂದನಂತೆ. ಅವನ ಕೈಗೆ ನಿನ್ನ ಫೋನು ಕೊಡು ಎಂದರೆ, ಕೊಟ್ಟರೂ ತೆಗೆದುಕೊಳ್ಳುವುದಿಲ್ಲ ಎಂದನಂತೆ.

ಮರಿಯಮ್ ನನಗೊಂದು ಮೆಸೇಜು ಕಳಿಸಿದ್ದಳು. "ಆಂಟಿ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವತ್ತು ನೀವು ನನ್ನ ಮುಖ ನೋಡಿದಿರಿ. ನೋಡಿಯೂ ಓದಿದಿರಿ." ಇದಕ್ಕೆ ಏನು ಬರೆಯಬೇಕೆಂದು ಬಹಳ ದಿನ ಯೋಚಿಸಿದೆ. ಬರೆದಿಲ್ಲ.

ಉಮ್ ನಾಯೆಫ್ ಮಾತ್ರ ಸಂತೆಯಲ್ಲಿ ಅದೇ ಜಾಗದಲ್ಲಿ ಕೂರುತ್ತಾಳೆ. ಮಧ್ಯಾಹ್ನ ನಮಾಜಿನ ಹೊತ್ತಿಗೆ ಚಾಪೆ ಮಡಚಿ, ಗಿರಾಕಿ ಇದ್ದರೂ ಎದ್ದು ಮನೆಗೆ ಹೋಗುತ್ತಾಳಂತೆ.

ಆರನೆಯ ವಾರ ನನ್ನ ಪತ್ರಕ್ಕೆ ಉತ್ತರ ಬಂತು. ಮೂರು ಸಾಲು. ವೈಯಕ್ತಿಕ ಮಾಹಿತಿಯ ರಕ್ಷಣೆಯ ದೃಷ್ಟಿಯಿಂದ ಈ ಪ್ರಕರಣವನ್ನು ಸಂಬಂಧಪಟ್ಟ ವ್ಯಕ್ತಿಯ ಹೊರತು ಬೇರೆಯವರೊಡನೆ ಚರ್ಚಿಸಲಾಗುವುದಿಲ್ಲ. ಆತ ಬಯಸಿದಲ್ಲಿ ತಾನೇ ಸಂಪರ್ಕಿಸಬಹುದು. ಈ ವಿಳಾಸಕ್ಕೆ ಮರು ಉತ್ತರ ಕಳಿಸಬಾರದು. ತಾಯಿ ಎಂಬ ಪದ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಓದಿ ಕಂಪ್ಯೂಟರ್ ಮುಚ್ಚಿಟ್ಟೆ. ಯಾರಿಗೂ ಹೇಳಲಿಲ್ಲ.

ಅದಾಗಿ ಹತ್ತೊಂಬತ್ತು ದಿನಕ್ಕೆ ಶೈಲಾ ಫೋನು ಮಾಡಿದಳು. ಸಂತೆಯಿಂದಲೇ ಮಾತಾಡುತ್ತಿದ್ದಳು, ಹಿಂದೆ ಗದ್ದಲ ಕೇಳುತ್ತಿತ್ತು.

"ಅಕ್ಕಾ, ಉಮ್ ನಾಯೆಫ್ ಇಲ್ಲೇ ನನ್ನ ಮುಂದ ಕೂತಾಳ. ಕಾಗದಕ್ಕ ಉತ್ತರ ಬಂತೇನು ಅಂತ ಕೇಳಾಕತ್ಯಾಳ. ಏನು ಹೇಳ್ಲಿ?"

"ಇನ್ನೂ ಬಂದಿಲ್ಲ ಅಂತ ಹೇಳು," ಎಂದೆ.

ಶೈಲಾ ಹಿಂದಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ಆಕೆ ಏನೋ ಅಂದದ್ದೂ ಕೇಳಿಸಿತು, ಮಾತು ಗೊತ್ತಾಗಲಿಲ್ಲ. ಆಮೇಲೆ ಶೈಲಾ ಸ್ವಲ್ಪ ದೂರ ಸರಿದಳೆಂದು ಕಾಣುತ್ತದೆ, ಗದ್ದಲ ಕಡಿಮೆಯಾಯಿತು.

"ಖರೇನs ಬಂದಿಲ್ಲೇನು?"

ಅಲ್ಲಿ ಬಿಸಿಲು ಹೆಂಗದ ಎಂದು ಕೇಳಿದೆ. ನನ್ನ ತಂಗಿಗೆ ನನ್ನ ಮಾತಿನ ಜಾಡು ಗೊತ್ತು.

"ಆಕಿ ಮುಂದಿನ ವಾರ ಮತ್ತ ಕೇಳ್ತಾಳಕ್ಕಾ," ಎಂದಳು.

"ಮುಂದಿನ ವಾರನೂ ಅದನ್ನs ಹೇಳು."